ಎರಡು ಬೆರಳು

ರಾತ್ರಿ ಎರಡಕ್ಕೆ ಖೈರುನ್‌ಬಿಯ ಮಾಸ್ಕು ಎತ್ತಿ
ಮೂಗಿನ ಏಣು ನೋಡುತ್ತೇನೆ.
ಕೆಂಪು. ಹೆಬ್ಬೆರಳಲ್ಲಿ ಒತ್ತಿ ಬಿಟ್ಟರೆ
ಬೆಳ್ಳಗಾಗಿ, ಮೆಲ್ಲಗೆ ಮತ್ತೆ ಕೆಂಪು ತುಂಬಿತು.
ಸದ್ಯ, ಚರ್ಮ ಇನ್ನೂ ಮಾತು ಕೇಳುತ್ತಿದೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮುಂದೆ
ಮೂವತ್ತು ವರ್ಷ ಕೂತ ಎದೆ,
ಹೊಟ್ಟಿನ ಹೊಗೆ ಒಳಗೇ ಮನೆ ಮಾಡಿದೆ.
ಗಾಳಿ ಬೇಕು. ಗಾಳಿ ಕೊಡುವುದೇ ಕಚ್ಚುತ್ತದೆ.

ಫೋಮು ಕತ್ತರಿಸುತ್ತೇನೆ, ರವಿಕೆಯ ಕಂಕುಳ ತುಂಡಿನ ಹಾಗೆ,
ಮೂಗಿಗೊಂದು, ಕೆನ್ನೆಗೆರಡು.
ಕಿವಿ ಹಿಂದಿನ ಬೆವರು ಒರೆಸಿ
ಪಟ್ಟಿ ಸಡಿಲಿಸುತ್ತೇನೆ, ಎರಡು ಬೆರಳು ತೂರುವಷ್ಟು.
ಗಾಳಿ ಸೋರಬಾರದೆಂದು ಹಗಲಿನ ಹುಡುಗ
ಜಗ್ಗಿ ಕಟ್ಟಿ ಹೋಗಿದ್ದಾನೆ.
ಬೈಯಬೇಕು, ಬೆಳಿಗ್ಗೆ.

ಬೈಯಲಾರೆ.
ಹತ್ತನೇ ಬೆಡ್ಡಿನವನ ಗಾಯ ನನ್ನದೇ ಪಾಳಿಯದು:
ಮೂಗಿನ ಮೇಲೆ ಜೋಳದ ಕಾಳಿನಷ್ಟು ಕಪ್ಪು.
ಜೀವ ಉಳೀತಲ್ಲ ಅಂತ ಮನೆಯವರು ಕೈಮುಗಿದರು.
ನಾನು ಆ ಕಾಳನ್ನೇ ನೋಡುತ್ತಾ ನಿಂತಿದ್ದೆ.

ಮಾಸ್ಕಿಲ್ಲದ ಅರೆಗಳಿಗೆಯಲ್ಲಿ ಖೈರುನ್‌ಬಿ ಕೇಳಿದಳು,
"ಏನ್ ಒತ್ತಿ ಒತ್ತಿ ನೋಡ್ತೀ, ಬೇಟಿ?"
ಹೇಳಿದೆ.
"ಮರಳು ಕಾಯೋದೂ ಹಂಗೇ," ಅಂದಳು ಏದುತ್ತಾ,
"ಕಣ್ಣಿಗೆ ಕಾಣೋ ಹೊತ್ತಿಗೆ
ಅಕ್ಕಿ ಸೀದಿರ್ತದೆ."

ನಾಲ್ಕಕ್ಕೆ ಮತ್ತೆ.