ಮುಕ್ಕಾಲು ಚೀಲ

ಪೂರ್ತಿ ತುಂಬಬಾರದು, ಅಷ್ಟೇ ಗುಟ್ಟು.
ಬಿರಿಯ ತುಂಬಿದ ಚೀಲ ಕಲ್ಲಿನ ಹಾಗೆ,
ಮೇಲಿಟ್ಟದ್ದು ಜಾರುತ್ತದೆ.
ಮುಕ್ಕಾಲು ಅಲಸಂದೆ, ಕಾಲು ಬರಿದು.
ಆ ಬರಿದಿನಲ್ಲೇ ಲೆನ್ಸಿನ ಕತ್ತು ಕೂರುವುದು,
ಕೂಸು ತಾಯ ತೊಡೆಯಲ್ಲಿ
ತನ್ನ ತಗ್ಗು ತಾನೇ ಮಾಡಿಕೊಂಡ ಹಾಗೆ.

ಇದನ್ನು ನನಗೆ ಯಾರೂ ಕಲಿಸಲಿಲ್ಲ.
ಮ್ಫುವೆ ಸಂತೆಯಲ್ಲಿ, ಸೈಕಲ್ ರಿಪೇರಿಯವನ ಪಕ್ಕ
ಇಪ್ಪತ್ತೆರಡು ವರ್ಷದಿಂದ ನನ್ನ ಹೊಲಿಗೆ ಮಿಷನ್ನು.
ಶಾಲೆಯ ಚಡ್ಡಿ, ಚರ್ಚಿನ ಹಾಡುಗಾರ್ತಿಯರ ನೀಲಿ ಮೇಲಂಗಿ,
ಈಗ ಹರಿದ ಟೆಂಟು ಕತ್ತರಿಸಿ
ಕ್ಯಾಮೆರಾಕ್ಕೆ ದಿಂಬು.
ಕಾಳು ಅಳೆದು ಕೊಡುವವಳು ಎದುರಂಗಡಿಯ ಟಿಸಾವುಕೆ,
ಹಾಲಿನಪುಡಿ ಡಬ್ಬಿಯಲ್ಲಿ, ತಲೆ ಸವರಿ.

ಮಗ ಲಾಕ್ಸನ್ ಜೀಪು ಓಡಿಸುತ್ತಾನೆ.
ಅವನೇ ಹೇಳಿದ್ದು: ಅಮ್ಮಾ,
ಆರುನೂರರ ಲೆನ್ಸು ಬರಿಗೈಲಿ ಎತ್ತಿದರೆ
ನೂರು ಮಾರು ಆಚೆಯ ಹಕ್ಕಿಯನ್ನಷ್ಟೇ ಅಲ್ಲ,
ಕೈಯ ನಡುಕವನ್ನೂ ಅಷ್ಟೇ ಹತ್ತಿರ ತರುತ್ತದೆ.

ಸೆಪ್ಟೆಂಬರಿನಲ್ಲಿ ಬಂದಳು ಟೋರ್‌ಹಿಲ್ಡ್,
ನಾರ್ವೆಯವಳು, ಎಪ್ಪತ್ತೊಂದು.
ಅವಳ ಬಲಗೈ ಬೆರಳು ಕಾಣದ ಕಾಳು ಆರಿಸುತ್ತಲೇ ಇತ್ತು.
ಮೇಜಿನ ಮೇಲಿಟ್ಟಳು, ಗುಂಡುಸೂಜಿಯ ಡಬ್ಬಿ
ಚಿರಿಚಿರಿ ಅಂದಿತು.
ನಾಲ್ಕು ವರ್ಷದಿಂದ, ಎಂದಳು,
ಒಂದು ಹಕ್ಕಿಯೂ ನನ್ನ ಮುಂದೆ ನೆಟ್ಟಗೆ ಕೂತಿಲ್ಲ.

ಸಾದಾ ಚೀಲದಿಂದ ಇವಳ ಬೇಳೆ ಬೇಯುವುದಿಲ್ಲ
ಎಂದು ಗೊತ್ತಾಯಿತು.
ಕಿಟ್ವೆಯ ಗಣಿಗೆಂದು ಹೋದ ನನ್ನ ಗಂಡ
ಮರಳಿ ಕೇಳದ ಪ್ಯಾಂಟು ಟ್ರಂಕಿನಲ್ಲಿತ್ತು.
ಕಾಲೆರಡಕ್ಕೂ ಅಲಸಂದೆ ಸುರಿದು, ಬಾಯಿ ಹೊಲಿದು,
ಜೀಪಿನ ಬಾಗಿಲ ಮೇಲೆ ಕುದುರೆ ಹತ್ತಿಸಿದೆ,
ಒಂದು ಕಾಲು ಒಳಗೆ, ಒಂದು ಹೊರಗೆ.
ಅಂತೂ ಆ ಕಾಲುಗಳು ಒಂದು ಕಡೆ ನಿಂತವು.

ನೀನೂ ಬಾ, ಎಂದಳು. ಹೋದೆ.

ಲುವಾಂಗ್ವಾ ದಂಡೆ, ಬೆಳಗಿನ ಆರೂಕಾಲು.
ಮಣ್ಣಿನ ಗೋಡೆಯ ತುಂಬ ತೂತು,
ತೂತಿನಿಂದ ತೂತಿಗೆ ಕೆಂಪು ಕಳ್ಳಿಪೀರಗಳು.
ಲಾಕ್ಸನ್ ಎಂಜಿನ್ ಆರಿಸಿದ.
ಹಿಂದಿನ ಸೀಟಿನವನ ಬಿಸ್ಕತ್ತನ್ನೂ ನಿಲ್ಲಿಸಿದ.
ಜೀಪೆಂದರೆ ಒಂದೇ ಮೈ,
ಒಬ್ಬ ಅಗಿದರೆ ಎಲ್ಲರೂ ಅಗಿದಂತೆ.

ಟೋರ್‌ಹಿಲ್ಡ್ ಎಡಗೈ ಅಂಗೈಯನ್ನು
ಲೆನ್ಸಿನ ಬೆನ್ನ ಮೇಲೆ ಇಟ್ಟಳು,
ಜ್ವರ ಬಂದವರ ಹಣೆ ಮುಟ್ಟುವ ಹಾಗೆ.
ಉಸಿರು ಅರ್ಧ ಬಿಟ್ಟಳು.
ನಡುಕ ಕಾಳಿಗೆ ಇಳಿಯಿತು.
ಕಾಳು ಪಕ್ಕದ ಕಾಳಿಗೆ ಹೇಳಿತು, ಅದು ಇನ್ನೊಂದಕ್ಕೆ,
ಹೇಳುತ್ತ ಹೇಳುತ್ತ
ಮೊಣಕಾಲ ಬಳಿ ಎಲ್ಲೋ ಮರೆತೇ ಹೋಯಿತು.

ಆಮೇಲೆ ನನ್ನನ್ನು ಎಳೆದು ಕೂರಿಸಿದಳು.
ಒಂದು ಕಣ್ಣು ಮುಚ್ಚಿದೆ.
ಅಬ್ಬಾ, ಕೊಕ್ಕಿನಲ್ಲಿ ಜೇನುನೊಣ,
ಅದರ ರೆಕ್ಕೆಯ ಗೆರೆ ಕೂಡ.
ಆದರೆ ಇಡೀ ಗೋಡೆ ಸಣ್ಣಗೆ ಹಾರುತ್ತಿತ್ತು
ತುಪ್ ತುಪ್ ತುಪ್.
ಲಾಕ್ಸನ್, ಎಂಜಿನ್ ಆರಿಸೋ, ಎಂದೆ.
ಆರಿಸಿ ಅರ್ಧ ಗಂಟೆಯಾಯ್ತಮ್ಮಾ.
ಅದು ನೀನು.

ಮುನ್ನೂರು ಚಿತ್ರದಲ್ಲಿ ಒಂದು ನಿಂತಿತಂತೆ.
ಅದರಲ್ಲೂ ಕಣ್ಣು ಮಾತ್ರ,
ಉಳಿದದ್ದೆಲ್ಲ ಕೆಂಪು ಹೊಗೆ.
ಅವಳು ಫೋನಿನಲ್ಲಿ ಅದನ್ನೇ ಹಿಗ್ಗಿಸಿ ಹಿಗ್ಗಿಸಿ ತೋರಿಸಿ
ಗುಂಡುಸೂಜಿ ಡಬ್ಬಿಯ ಪಕ್ಕ ಕೈ ಇಟ್ಟು
ಅದು ಚಿರಿಚಿರಿ ಅನ್ನುವುದನ್ನು ಕೇಳಿ ನಕ್ಕಳು.

ಮೊದಲ ಮಳೆಗೆ ಕ್ಯಾಂಪು ಮುಚ್ಚಿತು.
ಚೀಲ ಬಿಚ್ಚಿದೆ. ಕಾಳು ಹಾಳು ಮಾಡುವುದುಂಟೇ?
ಕೇರಿ, ತೊಳೆದು, ರಾತ್ರಿ ನೆನೆಹಾಕಿ ಒಲೆಗಿಟ್ಟೆ.
ಹಳೇ ಕಾಳು, ಬೇಯಲು ತಡ.
ನಡುಮಧ್ಯಾಹ್ನಕ್ಕೆ ಪಾತ್ರೆಯ ಮುಚ್ಚಳ
ಸಣ್ಣಗೆ ನಡುಗತೊಡಗಿತು.
ಒತ್ತಿ ಹಿಡಿಯಲು ಕೈ ಎತ್ತಿದವಳು
ಹಿಂದೆಗೆದುಕೊಂಡೆ.