ಪಗಾರ

ಮಡಗಾಂವಿನ್ಯಾಗ ಎರ್ಮೆಲಿಂಡಾಬಾಯಿಗೆ
ದ್ಯಾಮವ್ವ ಅನ್ನಾಕ ನಾಲಗಿ ಹೊರಳೂದಿಲ್ಲ.
‘ದಿಯಾ’ ಅಂತಾಳ.
ಪೋರ್ತುಗೀಸಿನ್ಯಾಗ ಹಗಲು ಅಂತ ಅದಕ.
ನಾ ಬಾಗಿಲಾ ಬಡಿಯೂದು ಕತ್ತಲಿದ್ದಾಗ.

ಚಾವಿ, ಬಾಲ್ದಿ, ಅಲಮಾರಿ, ಬಟಾಟಿ:
ಮೊದಲ ದಿನಾನ ಎಲ್ಲಾ ತಿಳೀತು.
‘ಇವು ನಮ್ಮ ಮಾತು, ಹಡಗಿನ್ಯಾಗ ಬಂದಾವು’ ಅಂದಳು.
ಬಾದಾಮಿ ಕಡೆ ನಮ್ಮಜ್ಜಿ ಬಾಯಾಗೂ ಇದ್ದವಲ್ಲ,
ಹೊಳಿ ಸೈತ ದಾಟದಾಕಿ.

ತಿಂಗಳ ಕಡೀಕ ಕೇಳಿದೆ: ಬಾಯಿ, ಪಗಾರ?
‘ಅದೂ ನಮ್ಮದ. ಅರ್ಥ ಗೊತ್ತೇನು?’
ಗೊತ್ತೈತ್ರಿ, ಕೈಗೆ ಬರೂದು.
ನಕ್ಕಳು. ‘ಅಲ್ಲ ದಿಯಾ, ಕೊಡೂದು.’

ನಡುವ ಮೇಜು.
ಆ ಕಡೆಯಿಂದ ಆಕಿ ಮಾತು ಸರಿಸಿದಳು,
ಈ ಕಡೆ ನಂದಾತು.
ಬೆರಳಿಗೆ ಉಗುಳು ಹಚ್ಚಿ
ಕನ್ನಡದಾಗ ಎಣಿಸಿದೆ.

ಒಂದು ನೋಟು ಕಡಿಮಿ.