ತಲೆಕಟ್ಟು

ಮಸ್ಕತ್ತಿನ ವಾದಿ ಕಬೀರ್, ಗ್ಯಾರೇಜುಗಳ ಸಾಲಿನ ಹಿಂದೆ
ತಿಮ್ಮಪ್ಪ ಗಾಣಿಗರ ಖೋಲಿ.
ಶುಕ್ರವಾರ ಮಧ್ಯಾಹ್ನ, ಹೊರಗೆ ನಲವತ್ತಾರು ಡಿಗ್ರಿ,
ಒಳಗೆ ಏಸಿಯ ಹೊಟ್ಟೆಯಿಂದ ಬಕೆಟ್ಟಿಗೆ
ಟಪ್, ಟಪ್.

ಇಪ್ಪತ್ತೆರಡು ವರ್ಷ ಈ ಬೀದಿಗಳ ಹಣೆಬರಹ ಬರೆದವರು:
ಟಯರು ಅಂಗಡಿ, ಹಲ್ಲಿನ ಡಾಕ್ಟರು, ಒಂಟೆ ಮೇವಿನ ಗೋದಾಮು.
ಅರಬಿ ಬರೆಯುತ್ತಿದ್ದರು, ಓದಲು ಬಾರದು;
ಮೀನಿನ ಬೆನ್ನು ಸವರಿದ ಹಾಗೆ
ಬಲದಿಂದ ಎಡಕ್ಕೆ ಕುಂಚ ಜಾರಿಸುತ್ತಿದ್ದರು.
ಆಮೇಲೆ ಫ್ಲೆಕ್ಸ್ ಬಂತು.
ಅದೇ ಅಂಗಡಿಯಲ್ಲಿ ಈಗ ಫ್ಲೆಕ್ಸಿನ ಅಂಚಿಗೆ ತೂತು ಹೊಡೆಯುತ್ತಾರೆ.

ನಾನು ರಾಯಚೂರಿನವಳು. ಘುಬ್ರಾದ ಸ್ಥಾವರದಲ್ಲಿ
ಸಮುದ್ರದಿಂದ ಉಪ್ಪು ಬಿಡಿಸುವ ಪಂಪುಗಳಿಗೆ
ಯಾವಾಗ ಏಳು, ಯಾವಾಗ ಮಲಗು ಅಂತ ಬರೆದುಕೊಡುವವಳು.
ರಾತ್ರಿಪಾಳಿಯ ಸಂದಿನಲ್ಲಿ ಅಕ್ಷರದ ಹುಚ್ಚು.
ಒಂದು ಕನ್ನಡ ಫಾಂಟು ಮಾಡಬೇಕು, ಬೀಗ ಹಾಕದೆ ಬಿಡಬೇಕು.
ಇಷ್ಟೇ ಕೇಳಲು ಹೋದದ್ದು.

ನಕ್ಕರು. ನಗು ಅಂತ ಹೇಳಲಾರೆ.
"ನನ್ನ ಅನ್ನ ತಿಂದ ಮಿಷನ್ನಿಗೆ
ಈಗ ಕೈಯನ್ನೂ ಉಣ್ಸ್ತ್ಯಾ ಮಾರಾಯ್ತಿ?"
ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.
ಲ್ಯಾಪ್‌ಟಾಪು ಮುಚ್ಚುವಾಗ ಅವರ ಕಣ್ಣು ಬಿದ್ದದ್ದು
ನಾನೇ ತಿದ್ದಿ ತಿದ್ದಿ ಕೆಡಿಸಿದ್ದ ಒಂದು ಳ ಮೇಲೆ.
"ಇದೆಂತ? ಕೂಕಂಡ ಒಂಟೆ ಕಂಡಂಗ್ ಇತ್ತ್.
ಕೊಡ್ ಇಲ್ಲಿ."

ಮನಿ ಎಕ್ಸ್‌ಚೇಂಜಿನ ಕ್ಯಾಲೆಂಡರು ಹರಿದು, ಮೇ ತಿಂಗಳ ಬೆನ್ನಿಗೆ
ಳ ಬಿತ್ತು. ಜೂನಿಗೆ ಕ್ಷ. ಜುಲೈ ಪೂರಾ ಕೊಂಬು, ಗುಡಿಸು, ಏತ್ವ.
ಡಿಸೆಂಬರಿನ ಹೊತ್ತಿಗೆ ಕತ್ತಲಾಗಿತ್ತು, ಚಹಾ ಆರಿತ್ತು.

ಮೂರನೇ ಶುಕ್ರವಾರ ರಯ್ಯಾ ಬಂದಳು, ಮತ್ರಾದವಳು,
ಅರಬಿ ಲಿಪಿ ಕಲಿತವಳು, ಬೆರಳ ಸಂದಿನಲ್ಲಿ ಸದಾ ಮಸಿ.
ಅವಳ ಅಕ್ಷರ ನಮ್ಮದರ ಪಕ್ಕ ಕೂರಬೇಕಂತೆ,
ಒಂದೇ ಬೋರ್ಡಿನಲ್ಲಿ ಎರಡೂ ಒಂದೇ ತೂಕ ತೂಗಬೇಕಂತೆ.
ಅವಳ ಹಿಂದಿ ಅರೆಬರೆ, ತಿಮ್ಮಪ್ಪನವರದು ಅದಕ್ಕಿಂತ ಅರೆಬರೆ.
ನೂನ್ ಬರೆದು ತೋರಿಸಿದಳು: ಒಂದು ಬಟ್ಟಲು, ಮೇಲೊಂದು ಚುಕ್ಕಿ.
ಇಪ್ಪತ್ತೆರಡು ವರ್ಷ ಬರೆದದ್ದರ ಹೆಸರು
ಅವತ್ತು ಗೊತ್ತಾಯಿತು ಅವರಿಗೆ.
ಬಾಯಲ್ಲಿಟ್ಟು ಚೀಪಿದರು: ನೂನ್. ನೂನ್.
"ನಮ್ ಸೊನ್ನೆ ಈ ಬಟ್ಲಿಂದ್ಲೇ ಉರುಳ್ ಬಿದ್ದದ್ದ್ ಕಾಣತ್."

ಒತ್ತು ಮಾತ್ರ ನನಗೆ ಒಲಿಯಲಿಲ್ಲ.
ಲಕ್ಷ್ಮಿ ಅಂತ ಬರೆದರೆ ಅಡಿಯ ಮ
ಕೆಳಗಿನ ಸಾಲಿನವರ ನೆತ್ತಿಗೆ ಕಾಲು ಹಾಕುತ್ತಿತ್ತು.
ಅಂಕಿಗಳಲ್ಲಿ ಹುಡುಕಿದೆ, ನಿಯಮಗಳಲ್ಲಿ ಹುಡುಕಿದೆ.
"ಕೆಳಗ್ ಕೂಕಂಬವ ತಲೆಕಟ್ಟ್ ಬಿಚ್ಚಿಡ್ಕ್," ಅಂದರು,
"ಬಿಚ್ಚಿರೂ ಸಾಲ್ದ್. ಉಸ್ರೂ ಸಣ್ಣ ಮಾಡ್ಕ್."
ರಯ್ಯಾಳಿಗೆ ತಿರುಗಿಸಿ ಹೇಳಿದೆ.
ನನ್ನಣ್ಣನ ಮುಂಡಾಸಿಗೂ ಇದನ್ನೇ ಹೇಳಿ, ಅಂದಳು.

"ಕಡೆಗೆ ಇದ್ ಯಾರದ್ದ್?"
ಯಾರದೂ ಅಲ್ಲ ಎನ್ನಲು ಬಾಯಿ ತೆರೆದೆ, ಎಲ್ಲರದೂ ಎನ್ನಲೂ.
ಎರಡೂ ಭಾಷಣದ ಹಾಗೆ ಕೇಳಿಸಿ ಮುಚ್ಚಿದೆ.
ಅವರೇ ಒಲೆಯ ಕಡೆ ಕೈ ತೋರಿಸಿದರು:
ಖೋಲಿಯ ದೋಸೆಕಲ್ಲು. ತಂದವನು ಶಿರೂರಿನವನಂತೆ,
ವೀಸಾ ಮುಗಿದು ಹೋಗಿ ಹದಿನೇಳು ವರ್ಷ.
ಅಲ್ಲಿಂದೀಚೆ ಎಷ್ಟು ಕೈ, ಎಷ್ಟು ಊರಿನ ಹಿಟ್ಟು,
ಮಲಯಾಳಿಯ ಮೊಟ್ಟೆ, ಸಿಲ್ಹೆಟ್ಟಿನವನ ಮೀನು ಕೂಡ.
"ಹತ್ತ್ ಕೈ ಕಂಡ್ರೇ ಕಲ್ ಪಳಗುದ್.
ಒಬ್ಬ ಸಾಬೂನ್ ಹಾಕಿ ತಿಕ್ಕಿರೆ ಮುಗೀತ್,
ಮತ್ತ್ ಈರುಳ್ಳಿ ಹಿಡ್ಕಂಡ್ ಕೂಕಣ್ಕ್."

ಬಿಟ್ಟೆವು. ನಾಲ್ಕು ತಿಂಗಳು ಸದ್ದಿಲ್ಲ.
ಆಮೇಲೊಂದು ತಿದ್ದುಪಡಿ, ಗೊತ್ತಿಲ್ಲದ ಹೆಸರು, ಗೊತ್ತಿಲ್ಲದ ಊರು:
ಅರ್ಕಾವತ್ತನ್ನು ಕೂದಲೆಳೆಯಷ್ಟು ಎತ್ತಿದ್ದರು, ಅಷ್ಟೇ.
ಕನ್ನಡಕ ಹಣೆಗೇರಿಸಿ ತಿಮ್ಮಪ್ಪ ಬಹಳ ಹೊತ್ತು ನೋಡಿದರು.
ಸಿಟ್ಟಿಗೆ ಕಾದೆ.
"ಹೌದ್," ಅಂದರು. "ನಂಗೆ ಕಂಡಿರ್ಲಿಲ್ಲ."

ಹಗಲು ಈಗಲೂ ಫ್ಲೆಕ್ಸಿಗೆ ತೂತು. ಸಂಬಳ ಏರಿಲ್ಲ.
ಹೋದ ವಾರ ಹೊಸ ಕ್ಯಾಲೆಂಡರಿನ ಹಿಂದೆ
ಯಾರೂ ಕೇಳದ ಒಂದನ್ನು ಬರೆದಿಟ್ಟಿದ್ದರು: ೞ.
ಎಷ್ಟೋ ನೂರು ವರ್ಷದಿಂದ ಯಾವ ಬಾಯಿಗೂ ಬೇಡವಾದದ್ದು.
ಮೂರು ಸಲ ಒರೆಸಿ ತಿದ್ದಿದ ಗುರುತು.
ಯಾತಕ್ಕೆ, ಅಂದೆ.
ಬಕೆಟ್ಟು ತುಂಬಿತ್ತು. ಎತ್ತಿಕೊಂಡು ಹೋಗಿ
ಗ್ಯಾರೇಜಿನ ಗೋಡೆಯ ಬೇವಿನ ಬುಡಕ್ಕೆ ಸುರಿದು ಬಂದರು.
"ಇರ್ಲಿ. ಯಾರಿಗಾರೂ ಬೇಕಾತ್ತ್."